ಬೇಲಿ ಮತ್ತು ಕಾವಲು: ನಾಚ್ವಾಕ್ ಫಿಯರ್ಡ್ ಶಿಬಿರದ ಮೇಲಾದ ಹಿಮಕರಡಿ ದಾಳಿ, 2013 – ಒಂದು ಪ್ರಕರಣ ಅಧ್ಯಯನ

2013ರ ಜುಲೈ 24ರ ನಸುಕಿನಲ್ಲಿ, ಸುಮಾರು ಮೂರೂವರೆಯ ಹೊತ್ತಿಗೆ, ಕೆನಡಾದ ಟೊರ್ನ್‌ಗಾಟ್ ಪರ್ವತಗಳ ರಾಷ್ಟ್ರೀಯ ಉದ್ಯಾನದ ನಾಚ್ವಾಕ್ ಫಿಯರ್ಡ್ ಎಂಬ ಉದ್ದನೆಯ ಕೊಲ್ಲಿಯ ದಡದಲ್ಲಿ ಬಿಡಾರ ಹೂಡಿದ್ದ ಏಳು ಮಂದಿ ಚಾರಣಿಗರ ಶಿಬಿರಕ್ಕೆ ಹಿಮಕರಡಿಯೊಂದು ನುಗ್ಗಿತು. ಟೆಂಟುಗಳ ಸುತ್ತ ವಿದ್ಯುತ್ ಬೇಲಿ ಇತ್ತು. ಕರಡಿ ಆ ಬೇಲಿಯನ್ನು ದಾಟಿ, ಒಂದು ಟೆಂಟನ್ನು ಹರಿದು, ಒಳಗೆ ಮಲಗಿದ್ದ ಒಬ್ಬರ ತಲೆಯನ್ನು ಕಚ್ಚಿ ಹಿಡಿದು ನೀರಿನ ಕಡೆಗೆ ಎಳೆದುಕೊಂಡು ಹೊರಟಿತು. ಕೂಗು ಕೇಳಿ ಎದ್ದ ತಂಡದ ನಾಯಕರು ಫ್ಲೇರ್ ಸಿಡಿಸಿದರು. ಬೆಳಕಿಗೂ ಸದ್ದಿಗೂ ಬೆದರಿದ ಕರಡಿ ಹಿಡಿದದ್ದನ್ನು ಬಿಟ್ಟು ಓಡಿತು. ಗಾಯಗೊಂಡವರ ದವಡೆ ಮುರಿದಿತ್ತು, ಕುತ್ತಿಗೆಯ ಮೂಳೆಗಳಿಗೆ ಪೆಟ್ಟಾಗಿತ್ತು, ಶ್ವಾಸಕೋಶ ಕುಸಿದಿತ್ತು. ಆದರೂ ಅವರು ಬದುಕಿ ಉಳಿದರು, ಏಳೂ ಮಂದಿ ಜೀವಂತವಾಗಿ ಮನೆಗೆ ಮರಳಿದರು.

ಸಾವು ಸಂಭವಿಸಲಿಲ್ಲ ಎಂಬ ಕಾರಣಕ್ಕೆ ಈ ಘಟನೆಯನ್ನು ಅದೃಷ್ಟದ ಕಥೆಯಾಗಿ ಓದುವವರೇ ಹೆಚ್ಚು. ನನ್ನ ದೃಷ್ಟಿಯಲ್ಲಿ ಇದು ಅದಕ್ಕಿಂತ ಬಹಳ ಹೆಚ್ಚಿನ ಗಮನಕ್ಕೆ ಅರ್ಹವಾದ ಪ್ರಕರಣ. ಏಕೆಂದರೆ ಇಲ್ಲಿ ಉಡಾಫೆಯ ಮನುಷ್ಯರು ಯಾರೂ ಇಲ್ಲ. ನಾಯಕರು ಅನುಭವಿಗಳು, ಸಲಕರಣೆ ಸಾಕಷ್ಟಿತ್ತು, ಸ್ಯಾಟಲೈಟ್ ಫೋನ್ ಇತ್ತು, ತಂಡದಲ್ಲಿ ಒಬ್ಬ ವೈದ್ಯರೂ ಇದ್ದರು. ಇಷ್ಟೆಲ್ಲ ಇದ್ದೂ ಆ ಹೊತ್ತಿನಲ್ಲಿ ಎಚ್ಚರವಾಗಿದ್ದ ಮನುಷ್ಯ ಒಬ್ಬನೂ ಇರಲಿಲ್ಲ. ಆ ಕೊರತೆ ಹೇಗೆ ಉಂಟಾಯಿತು, ವಿಮಾನದಲ್ಲಿ ಹೋಗಿ ಇಳಿಯುವ ಚಾರಣದ ಸ್ವರೂಪವೇ ಅದಕ್ಕೆ ಹೇಗೆ ಎಡೆಮಾಡಿಕೊಟ್ಟಿತು ಎಂಬುದು ಈ ಅಧ್ಯಯನದ ವಿಷಯ.

ಸ್ಥಳ ಮತ್ತು ದಾರಿ

ಟೊರ್ನ್‌ಗಾಟ್ ಪರ್ವತಗಳು ಲ್ಯಾಬ್ರಡಾರ್ ಪರ್ಯಾಯ ದ್ವೀಪದ ಉತ್ತರ ತುದಿಯಲ್ಲಿವೆ. ಪಶ್ಚಿಮಕ್ಕೆ ಕ್ವಿಬೆಕ್ ಪ್ರಾಂತ್ಯದ ಗಡಿ, ಪೂರ್ವಕ್ಕೆ ಲ್ಯಾಬ್ರಡಾರ್ ಸಮುದ್ರ. ಅತ್ಯುನ್ನತ ಶಿಖರದ ಎತ್ತರ 1,650 ಮೀಟರಿನ ಆಸುಪಾಸಿನಲ್ಲಿದೆ. ಹಿಮಾಲಯದ ಲೆಕ್ಕದಲ್ಲಿ ಇದು ದೊಡ್ಡದಲ್ಲವಾದರೂ, ಈ ಬೆಟ್ಟಗಳು ಸಮುದ್ರದ ಮಟ್ಟದಿಂದಲೇ ನೇರವಾಗಿ ಎದ್ದು ನಿಲ್ಲುವುದರಿಂದ ಅವುಗಳ ಗಾತ್ರ ಕಣ್ಣಿಗೆ ಬಹಳ ದೊಡ್ಡದಾಗಿ ತೋರುತ್ತದೆ. ಹಿಮನದಿಗಳು ಕೊರೆದ ಕಣಿವೆಗಳೊಳಗೆ ಸಮುದ್ರ ನುಗ್ಗಿ ಉಂಟಾದ ಉದ್ದನೆಯ, ಕಡಿದಾದ ಗೋಡೆಗಳ ಕೊಲ್ಲಿಗಳೇ ಫಿಯರ್ಡುಗಳು, ಅವುಗಳಲ್ಲಿ ನಾಚ್ವಾಕ್ ಒಂದು. ಮರಗಳು ಬೆಳೆಯುವ ಗಡಿಯ ಆಚೆಗಿನ ನೆಲವಾದ್ದರಿಂದ ಎಲ್ಲಿ ನೋಡಿದರೂ ಬಂಡೆ, ಪಾಚಿ, ಕುರುಚಲು, ನೀರು.

ಸುಮಾರು 9,700 ಚದರ ಕಿಲೋಮೀಟರ್ ವಿಸ್ತಾರದ ಈ ಉದ್ಯಾನ 2005ರಲ್ಲಿ, ಲ್ಯಾಬ್ರಡಾರ್‌ನ ಇನ್ಯೂಟ್ ಜನರ ಭೂಹಕ್ಕಿನ ಒಪ್ಪಂದದ ಜೊತೆಜೊತೆಗೇ ರೂಪುಗೊಂಡಿತು. ಇದು ಇನ್ಯೂಟರ ಪೂರ್ವಿಕರ ನೆಲ. ಇಂದಿಗೂ ಅವರ ಬೇಟೆಯ, ಮೀನುಗಾರಿಕೆಯ ನೆಲ. ಉದ್ಯಾನದ ಒಳಗೆ ರಸ್ತೆಯಿಲ್ಲ, ಗುರುತು ಹಾಕಿದ ಕಾಲುದಾರಿಯಿಲ್ಲ, ಶಿಬಿರದ ಕಟ್ಟೆಗಳಿಲ್ಲ, ಸೂಚನಾ ಫಲಕಗಳೂ ಇಲ್ಲ. ದಕ್ಷಿಣದ ಗಡಿಯ ಹೊರಗೆ, ಸಾಗ್ಲೆಕ್ ಕೊಲ್ಲಿಯಲ್ಲಿ, ಬೇಸಿಗೆಯ ಕೆಲವು ವಾರಗಳ ಮಟ್ಟಿಗೆ ಒಂದು ಮೂಲಶಿಬಿರ ನಡೆಯುತ್ತದೆ. ಅದಕ್ಕೂ ವಿದ್ಯುತ್ ಬೇಲಿ ಇದೆ, ಆದರೆ ಬೇಲಿಯ ಜೊತೆಗೆ ಬಂದೂಕು ಹಿಡಿದ ಇನ್ಯೂಟ್ ಕರಡಿ ಕಾವಲುಗಾರರೂ ಇದ್ದಾರೆ. ಈ ಒಂದು ವಿವರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ನಮ್ಮ ಪ್ರಕರಣದ ತಂಡ ಆ ಮೂಲಶಿಬಿರದ ಮೂಲಕ ಬರಲಿಲ್ಲ. ಅಮೆರಿಕದ ಪರಿಸರ ಸಂಸ್ಥೆಯಾದ ಸಿಯೆರಾ ಕ್ಲಬ್ ಏರ್ಪಡಿಸಿದ್ದ ಪ್ರವಾಸ ಅದು. ಆ ಸಂಸ್ಥೆಯ ಚಾರಣಗಳನ್ನು ತರಬೇತಿ ಪಡೆದ ಸ್ವಯಂಸೇವಕರು ಮುನ್ನಡೆಸುತ್ತಾರೆ. ತಂಡ ಮಾಂಟ್ರಿಯಲ್‌ನಿಂದ ಉತ್ತರ ಕ್ವಿಬೆಕ್‌ನ ಕೂಜುವಾಕ್ ಊರಿಗೆ ಬಂದು, ಅಲ್ಲಿಂದ ನೀರಿನ ಮೇಲೆ ಇಳಿಯಬಲ್ಲ ಫ್ಲೋಟ್ ವಿಮಾನದಲ್ಲಿ ಸುಮಾರು 300 ಕಿಲೋಮೀಟರ್ ಪೂರ್ವಕ್ಕೆ ಹಾರಿ ಫಿಯರ್ಡಿನಲ್ಲಿ ಇಳಿಯಿತು. ವಿಮಾನ ಮರಳಿತು. ಗೊತ್ತುಮಾಡಿದ ದಿನ ಅದು ಮತ್ತೆ ಬರುವವರೆಗೆ ತಂಡಕ್ಕೆ ಹೊರದಾರಿ ಎಂಬುದು ಫೋನಿನಲ್ಲಿ ಕೇಳಿಕೊಳ್ಳುವ ನೆರವೊಂದೇ.

ಋತುವಿನ ಪ್ರಶ್ನೆ

ಚಾರಣಕ್ಕೆ ಜುಲೈ ಕೊನೆ, ಆಗಸ್ಟ್ ಮೊದಲ ಭಾಗಗಳೇ ಪ್ರಶಸ್ತ ಕಾಲ. ಹಿಮ ಕರಗಿರುತ್ತದೆ, ಹಗಲು ದೀರ್ಘವಾಗಿರುತ್ತದೆ, ತೊರೆಗಳನ್ನು ದಾಟಬಹುದು. ಹಿಮಕರಡಿಗಳ ಪಂಚಾಂಗದಲ್ಲಿಯೂ ಇದು ಮುಖ್ಯವಾದ ಕಾಲವೇ. ಈ ಕರಾವಳಿಯ ಕರಡಿಗಳು ಡೇವಿಸ್ ಜಲಸಂಧಿಯ ಸಮುದಾಯಕ್ಕೆ ಸೇರಿದವು. 2005–07ರ ಸಮೀಕ್ಷೆಯ ಪ್ರಕಾರ ಆ ಸಮುದಾಯದಲ್ಲಿ ಸುಮಾರು 2,150 ಕರಡಿಗಳಿದ್ದವು. ಅವು ವರ್ಷದ ಬಹುಭಾಗ ಸಮುದ್ರದ ಮಂಜುಗಡ್ಡೆಯ ಮೇಲೆ ನಿಂತು ಸೀಲ್‌ಗಳನ್ನು ಬೇಟೆಯಾಡುತ್ತವೆ. ಬೇಸಿಗೆಯಲ್ಲಿ ಆ ಮಂಜುಗಡ್ಡೆ ಕರಗಿದಾಗ ಬೇಟೆಯ ನೆಲೆಯೇ ಇಲ್ಲವಾಗಿ, ದಡಕ್ಕೆ ಈಜಿ ಬಂದು, ಮತ್ತೆ ಸಮುದ್ರ ಹೆಪ್ಪುಗಟ್ಟುವವರೆಗೆ ತಿಂಗಳುಗಟ್ಟಲೆ ಹೆಚ್ಚಾಗಿ ದೇಹದ ಕೊಬ್ಬಿನ ಮೇಲೆಯೇ ಬದುಕುತ್ತವೆ. ಹಾಗೆ ಬಂದ ಕರಡಿಗಳು ಬೆಟ್ಟಗಳನ್ನು ಹತ್ತಿ ಹೋಗುವುದಕ್ಕಿಂತ ಹೆಚ್ಚಾಗಿ ತೀರದ ಅಂಚಿನಲ್ಲಿಯೇ ಓಡಾಡುತ್ತವೆ.

ಹೀಗಾಗಿ, ಹಿಮಕರಡಿಗಳಿರುವ ನಾಡಿನಲ್ಲಿ ತೀರದ ಬಳಿ ಬಿಡಾರ ಹೂಡಬಾರದು, ಒಳನಾಡಿನಲ್ಲಿ, ಸುತ್ತಲೂ ದೂರದವರೆಗೆ ಕಾಣುವ ಎತ್ತರದ ಜಾಗವನ್ನು ಆರಿಸಬೇಕು ಎಂಬುದು ಎಲ್ಲ ಉದ್ಯಾನಗಳ ಮೂಲಭೂತ ಸಲಹೆ. ಆದರೆ ಫ್ಲೋಟ್ ವಿಮಾನ ನೀರಿನ ಮೇಲೆ ಮಾತ್ರ ಇಳಿಯುತ್ತದೆ. ಎರಡು ವಾರಗಳ ಆಹಾರ, ಇಂಧನ, ಟೆಂಟುಗಳು, ಬೇಲಿಯ ತಂತಿ, ಬ್ಯಾಟರಿ, ಇವೆಲ್ಲವೂ ಮೊದಲು ಬಂದು ಬೀಳುವುದು ದಡದಲ್ಲಿ. ದಣಿದ ತಂಡ ಆ ಹೊರೆಯನ್ನು ಕಡಿದಾದ ಇಳಿಜಾರಿನಲ್ಲಿ ಹೊತ್ತು ಮೇಲೆ ಸಾಗಿಸುವುದು ಒಂದು ದಿನದ ಕೆಲಸವಾದರೂ ಆದೀತು. ವಿಮಾನ ಇಳಿಯುವ ಅನುಕೂಲದ ಜಾಗವೂ ಕರಡಿ ನಡೆಯುವ ದಾರಿಯೂ ಒಂದೇ ಆಗಿಬಿಡುವುದು ಈ ಬಗೆಯ ಚಾರಣದ ಹುಟ್ಟುಗುಣ. ಅದನ್ನು ಮೊದಲೇ ಗುರುತಿಸಿ, ಮೊದಲ ರಾತ್ರಿಯ ಬಿಡಾರ ಎಲ್ಲಿ ಎಂಬುದನ್ನು ನಕ್ಷೆಯ ಮೇಲೆ ಗೊತ್ತುಮಾಡದೆ ಹೊರಟರೆ, ಆ ನಿರ್ಣಯವನ್ನು ವಿಮಾನವೇ ಮಾಡಿಬಿಡುತ್ತದೆ.

ದಾಳಿಗೆ ಮುನ್ನ

ಇಳಿದ ಮೊದಲ ದಿನಗಳಲ್ಲಿಯೇ ತಂಡದವರಿಗೆ ಹಿಮಕರಡಿಗಳು ಕಂಡವು. ಮೊದಲು ತಾಯಿ ಮತ್ತು ಮರಿ; ಅವು ತಮ್ಮ ಪಾಡಿಗೆ ಹೋದವು. ಆಮೇಲೆ ಇನ್ನೊಂದು ಕರಡಿ ಶಿಬಿರದ ಕಡೆಗೇ ನಡೆದುಬಂದಿತು. ನಾಯಕರು ಫ್ಲೇರ್ ಸಿಡಿಸಿದಾಗ ಹಿಂದೆ ಸರಿಯಿತು, ಆದರೆ ಆ ಪ್ರದೇಶವನ್ನು ಬಿಟ್ಟು ಹೋಗಲಿಲ್ಲ. ಶಿಬಿರಕ್ಕೆ ಕಾಣುವಷ್ಟು ದೂರದಲ್ಲಿ ಬಹಳ ಹೊತ್ತು ಉಳಿದು, ಏಳು ಮಂದಿಯನ್ನು ಗಮನಿಸುತ್ತಿತ್ತು. ರಾತ್ರಿ ಸರದಿಯ ಮೇಲೆ ಕಾವಲು ಕೂರಬೇಕೇ ಎಂಬ ಮಾತು ತಂಡದಲ್ಲಿ ಬಂದಿತ್ತು. ವಿದ್ಯುತ್ ಬೇಲಿ ಸಾಕು ಎಂಬ ಭರವಸೆಯ ಮೇಲೆ ಎಲ್ಲರೂ ಮಲಗಿದರು.

ಇಡೀ ಪ್ರಕರಣದ ತಿರುಳು ನನ್ನ ಪ್ರಕಾರ ಈ ಕೊನೆಯ ವಾಕ್ಯದಲ್ಲಿದೆ. ಆ ರಾತ್ರಿ ಬಂದದ್ದು ಹಗಲು ಕಂಡ ಕರಡಿಯೇ ಅಥವಾ ಬೇರೆಯದೇ ಎಂಬುದರಿಂದ ವಿಶ್ಲೇಷಣೆ ಬದಲಾಗುವುದಿಲ್ಲ. ಶಿಬಿರವನ್ನು ಕಂಡ, ಅದರ ವಾಸನೆ ಹಿಡಿದ, ಒಮ್ಮೆ ಬೆದರಿಸಿದರೂ ದೂರ ಹೋಗದ ಕರಡಿಯೊಂದು ಸುತ್ತಮುತ್ತ ಇದೆ ಎಂಬ ಖಚಿತ ಮಾಹಿತಿ ತಂಡದ ಕೈಯಲ್ಲಿತ್ತು. ಆ ಮಾಹಿತಿ ಬಂದ ಮೇಲೂ ಯೋಜನೆಯಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ.

ಬೇಲಿ ಏಕೆ ಸಾಲಲಿಲ್ಲ

ಚಾರಣಿಗರು ಒಯ್ಯುವ ವಿದ್ಯುತ್ ಬೇಲಿ ಹಗುರವಾದ ಕಂಬಗಳ ಮೇಲೆ ಬಿಗಿದ ಕೆಲವೇ ಎಳೆ ತಂತಿ. ಬ್ಯಾಟರಿಯಿಂದ ನಡೆಯುವ ಸಣ್ಣ ಯಂತ್ರವೊಂದು ಅದರೊಳಗೆ ಕ್ಷಣಕ್ಷಣಕ್ಕೂ ಹೆಚ್ಚಿನ ವೋಲ್ಟೇಜಿನ ಮಿಡಿತವನ್ನು ಹರಿಸುತ್ತದೆ. ಅದು ಪ್ರಾಣಿಯನ್ನು ದೈಹಿಕವಾಗಿ ತಡೆಯುವ ಗೋಡೆಯಲ್ಲ, ನೋವಿನ ಮೂಲಕ ಹಿಂದಕ್ಕೆ ಕಳಿಸುವ ಉಪಾಯ. ಈ ಉಪಾಯ ಫಲಿಸಬೇಕಾದರೆ ಪ್ರಾಣಿಯ ಮೂಗೋ ನಾಲಿಗೆಯೋ ತಂತಿಗೆ ತಾಗಬೇಕು, ವಿದ್ಯುತ್ತು ದೇಹದ ಮೂಲಕ ನೆಲಕ್ಕೆ ಇಳಿದು ಯಂತ್ರಕ್ಕೆ ಮರಳಬೇಕು. ಬಂಡೆಯ, ಜಲ್ಲಿಯ ಒಣನೆಲದಲ್ಲಿ ಭೂಸಂಪರ್ಕ ದುರ್ಬಲವಾಗಿರುತ್ತದೆ. ಹಿಮಕರಡಿಯ ದಟ್ಟವಾದ ತುಪ್ಪಳ ವಿದ್ಯುತ್ತಿಗೆ ಅಡ್ಡಿಯಾಗುತ್ತದೆ. ಮೂಗಿನಿಂದ ಮುಟ್ಟಿ ನೋಡದೆ ಎದೆಯಿಂದ ತಳ್ಳಿಕೊಂಡು ಬರುವ ನಾನೂರು, ಐನೂರು ಕಿಲೋ ತೂಕದ ಗಂಡುಕರಡಿಗೆ ಆ ಎಳೆಗಳು ದೊಡ್ಡ ತಡೆಯಲ್ಲ. ಇಂಥ ಬೇಲಿಗಳ ಮೇಲಿನ ವಿಶ್ವಾಸ ಬೆಳೆದದ್ದು ಮುಖ್ಯವಾಗಿ ಕಪ್ಪುಕರಡಿ ಮತ್ತು ಕಂದುಕರಡಿಗಳ ನಾಡಿನಲ್ಲಿ. ಆ ಕರಡಿಗಳು ಶಿಬಿರಕ್ಕೆ ಬರುವುದು ಹೆಚ್ಚಾಗಿ ಆಹಾರದ ವಾಸನೆಗೆ, ನೋವಾದರೆ ಬಿಟ್ಟುಹೋಗುತ್ತವೆ. ಹಿಮಕರಡಿ ಮಾಂಸವನ್ನೇ ನಂಬಿ ಬದುಕುವ ಬೇಟೆಗಾರ. ಅದು ಮನುಷ್ಯನನ್ನೇ ಬೇಟೆಯಾಗಿ ನೋಡಿರುವ ಸಂದರ್ಭಗಳು ದಾಖಲಾಗಿವೆ. 1870ರಿಂದ 2014ರವರೆಗೆ ದಾಖಲಾದ 73 ದಾಳಿಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 20 ಸಾವುಗಳೂ 63 ಗಾಯಗಳೂ ಲೆಕ್ಕಕ್ಕೆ ಸಿಕ್ಕಿವೆ. ಹೊಟ್ಟೆಗಿಲ್ಲದೆ ಸೊರಗಿದ ಗಂಡುಕರಡಿಗಳಿಂದ ಅಪಾಯ ಹೆಚ್ಚು ಎಂದು ಅದು ತೋರಿಸಿತು. ನೂರನಲವತ್ತಕ್ಕೂ ಹೆಚ್ಚು ವರ್ಷಗಳಿಗೆ ಇದು ಸಣ್ಣ ಸಂಖ್ಯೆಯೇ. ಆದರೆ ಸಂಖ್ಯೆ ಸಣ್ಣದು ಎಂಬುದು ಕಣ್ಣೆದುರಿಗೇ ಕರಡಿ ನಿಂತಿರುವ ರಾತ್ರಿಗೆ ಅನ್ವಯವಾಗುವ ಸಮಾಧಾನವಲ್ಲ.

ಬೇಲಿಯ ಮಿತಿಯನ್ನು ಕನ್ನಡದ ಓದುಗರಿಗೆ ಬಹಳ ವಿವರಿಸಬೇಕಾಗಿಲ್ಲ. ಹಾಸನ, ಕೊಡಗು, ಚಾಮರಾಜನಗರದ ಕಾಡಂಚಿನ ಹಳ್ಳಿಗಳಲ್ಲಿ ಸೋಲಾರ್ ಬೇಲಿ ಬಂದ ಮೇಲೂ ರೈತರು ಫಸಲಿನ ಕಾಲದಲ್ಲಿ ಅಟ್ಟಣೆಯ ಮೇಲೆ ರಾತ್ರಿ ಕಾವಲು ಕೂರುವುದನ್ನು ಬಿಟ್ಟಿಲ್ಲ. ಆನೆ ಮರವನ್ನು ತಂತಿಯ ಮೇಲೆ ಕೆಡವಿ ದಾಟಬಲ್ಲದು ಎಂಬುದು ಅವರಿಗೆ ತಿಳಿದ ವಿಷಯ. ಬೇಲಿಯಿಂದ ಅವರಿಗೆ ಸಿಗುವುದು ಸ್ವಲ್ಪ ಸಮಯ. ಆ ಸಮಯವನ್ನು ಬಳಸಿಕೊಳ್ಳಲು ಎಚ್ಚರವಾಗಿರುವ ಒಬ್ಬ ಮನುಷ್ಯ ಬೇಕು.

ಎರಡು ವರ್ಷ ಮೊದಲು, 2011ರ ಆಗಸ್ಟ್ 5ರಂದು, ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ನಡೆದ ಘಟನೆ ಇದೇ ಸಂಗತಿಯನ್ನು ಇನ್ನೂ ಕಠೋರವಾಗಿ ತೋರಿಸಿತ್ತು. ಬ್ರಿಟನ್ನಿನ ಶಾಲಾ ವಿದ್ಯಾರ್ಥಿಗಳ ಸಾಹಸಯಾತ್ರೆಯ ಶಿಬಿರವೊಂದಕ್ಕೆ ಹಿಮಕರಡಿ ನುಗ್ಗಿ 17 ವರ್ಷದ ಬಾಲಕನನ್ನು ಕೊಂದು, ನಾಲ್ವರನ್ನು ಗಾಯಗೊಳಿಸಿತು. ಅಲ್ಲಿಯೂ ಶಿಬಿರದ ಸುತ್ತ ಎಳೆದ ಎಚ್ಚರಿಕೆಯ ತಂತಿಯಿತ್ತು, ಅದು ಸಿಡಿಯಲಿಲ್ಲ. ಅಲ್ಲಿ ಬಂದೂಕೂ ಇತ್ತು, ತುರ್ತಿನಲ್ಲಿ ಮೊದಲ ಪ್ರಯತ್ನಗಳಲ್ಲಿ ಅದು ಹಾರಲಿಲ್ಲ. ಅಲ್ಲಿಯೂ ರಾತ್ರಿ ಕಾವಲು ಇರಲಿಲ್ಲ. ಬಂದೂಕು ಇದ್ದಿದ್ದರೆ ನಾಚ್ವಾಕ್ ದಾಳಿ ತಪ್ಪುತ್ತಿತ್ತು ಎಂದು ವಾದಿಸುವವರು ಈ ಹಿಂದಿನ ಪ್ರಕರಣವನ್ನು ನೋಡಬೇಕು; ಮಲಗಿರುವವರ ಪಕ್ಕದಲ್ಲಿರುವ ಬಂದೂಕಿಗೂ ಬೇಲಿಗೂ ಹೆಚ್ಚಿನ ವ್ಯತ್ಯಾಸವಿಲ್ಲ.

ಕಾವಲುಗಾರರ ಪ್ರಶ್ನೆ

ಟೊರ್ನ್‌ಗಾಟ್ ಉದ್ಯಾನದಲ್ಲಿ ಪ್ರವಾಸಿಗರು ಆತ್ಮರಕ್ಷಣೆಗೆಂದು ಬಂದೂಕು ಒಯ್ಯುವಂತಿಲ್ಲ. ಆ ಹಕ್ಕು ಭೂಹಕ್ಕಿನ ಒಪ್ಪಂದಗಳಡಿ ಬರುವ ಇನ್ಯೂಟರಿಗೆ ಇದೆ. ಆದ್ದರಿಂದಲೇ ಉದ್ಯಾನವನ್ನು ನಡೆಸುವ ಪಾರ್ಕ್ಸ್ ಕೆನಡಾ, ತರಬೇತಿ ಪಡೆದ ಇನ್ಯೂಟ್ ಕರಡಿ ಕಾವಲುಗಾರರನ್ನು ಜೊತೆಗೆ ಕರೆದೊಯ್ಯುವಂತೆ ಸಲಹೆ ಕೊಡುತ್ತಾ ಬಂದಿದೆ. ಸಲಹೆ ಎಂದರೆ ಆಜ್ಞೆಯಲ್ಲ. 2013ರ ತಂಡ ಕಾವಲುಗಾರರಿಲ್ಲದೆ, ಬೇಲಿ, ಫ್ಲೇರ್ ಮತ್ತು ಬೇರ್ ಸ್ಪ್ರೇಗಳನ್ನು (ಕರಡಿಯ ಮುಖಕ್ಕೆ ಎರಚುವ ಖಾರದ ದ್ರಾವಣ) ನಂಬಿ ಹೋಗಿತ್ತು.

ಸಾಮಾನ್ಯವಾಗಿ ಇಂಥ ಯೋಜನೆಗಳಲ್ಲಿ ಕಾವಲುಗಾರನನ್ನು ಕೈಬಿಡುವುದು ಹೇಗೆ ನಡೆಯುತ್ತದೆ ಎಂಬುದನ್ನು ವಿವರವಾಗಿ ನೋಡಬೇಕು. ಸಣ್ಣ ವಿಮಾನದಲ್ಲಿ ಒಬ್ಬೊಬ್ಬರ ತೂಕವನ್ನೂ ಚೀಲದ ತೂಕವನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ. ಒಬ್ಬ ಕಾವಲುಗಾರ ಬಂದರೆ ಅವನ ಆಸನ, ಅವನ ಎರಡು ವಾರಗಳ ಊಟ, ಅವನ ಟೆಂಟು, ಅವನ ದಿನಗೂಲಿ, ಎಲ್ಲವೂ ಹಣ ಕಟ್ಟುವ ಕೆಲವೇ ಜನರ ಮೇಲೆ ಬೀಳುತ್ತವೆ. ಒಬ್ಬನೇ ರಾತ್ರಿಯಿಡೀ ಕೂತು ಮರುದಿನ ನಡೆಯಲಾರ, ಹಾಗಾಗಿ ಇಬ್ಬರು ಬೇಕು. ಇದಕ್ಕೆ ಹೋಲಿಸಿದರೆ ಬೇಲಿ ಒಂದೆರಡು ಕಿಲೋದ ಪೊಟ್ಟಣ. ಅದಕ್ಕೆ ಊಟ ಬೇಡ, ನಿದ್ದೆ ಬೇಡ, ಮುಂದಿನ ವರ್ಷವೂ ಬಳಸಬಹುದು. ಮೇಜಿನ ಮುಂದೆ ಕೂತು ಲೆಕ್ಕ ಹಾಕುವವರಿಗೆ ಬೇಲಿಯೇ ಸರಿಯಾದ ಆಯ್ಕೆಯಾಗಿ ಕಾಣುವುದು ಸಹಜ. ದಾಳಿಗೆ ಕಾರಣವಾದ ತೀರ್ಮಾನಗಳಲ್ಲಿ ಬಹುಪಾಲು ಜುಲೈ ತಿಂಗಳಲ್ಲಿ ಆದವಲ್ಲ, ತಿಂಗಳುಗಳ ಮೊದಲು ಹೀಗೆ ಪಟ್ಟಿ ಬರೆಯುವಾಗ ಆದವು.

ಕಾವಲುಗಾರನನ್ನು ಬಂದೂಕು ಹೊತ್ತವನು ಎಂದು ಮಾತ್ರ ಎಣಿಸುವುದರಿಂದಲೂ ಈ ಲೆಕ್ಕ ತಪ್ಪುತ್ತದೆ. ಆ ಕರಾವಳಿಯಲ್ಲಿ ಬೆಳೆದ ಇನ್ಯೂಟ್ ವ್ಯಕ್ತಿ ಬಿಡಾರದ ಜಾಗವನ್ನು ಆರಿಸುತ್ತಾನೆ, ಹೆಜ್ಜೆ ಗುರುತುಗಳನ್ನು ಓದುತ್ತಾನೆ, ದುರ್ಬೀನಿನಲ್ಲಿ ತೀರವನ್ನು ಮತ್ತೆ ಮತ್ತೆ ಶೋಧಿಸುತ್ತಾನೆ. ಬೆದರಿಸಿದರೂ ಹೋಗದ ಕರಡಿಯ ನಡೆಯ ಅರ್ಥವೇನು ಎಂಬುದನ್ನು ಹೇಳಬಲ್ಲ. ಅನುಭವಿ ಚಾರಣ ನಾಯಕನಿಗೆ ನದಿ ದಾಟಿಸುವುದು, ಹವಾಮಾನ ಊಹಿಸುವುದು, ತಂಡವನ್ನು ಒಗ್ಗೂಡಿಸಿ ನಡೆಸುವುದು ಗೊತ್ತು. ಆ ವಿದ್ಯೆಯನ್ನು ಯಾವ ಬೆಟ್ಟಕ್ಕಾದರೂ ಒಯ್ಯಬಹುದು. ಇನ್ಯೂಟ್ ಕಾವಲುಗಾರನ ವಿದ್ಯೆ ಆ ನೆಲಕ್ಕೇ ಸೇರಿದ್ದು, ಅದನ್ನು ಬೇರೆಡೆಯಿಂದ ಕಲಿತು ತರಲಾಗದು.

ಹಿಂದೆಗೆಯುವ ಅವಕಾಶ

ಹಗಲು ಕರಡಿ ಕಂಡ ಮೇಲೆ ತಂಡಕ್ಕೆ ಏನೇನು ಮಾಡಲು ಸಾಧ್ಯವಿತ್ತು? ಬಿಡಾರವನ್ನು ಮೇಲಕ್ಕೆ ಸಾಗಿಸಬಹುದಿತ್ತು, ಆದರೆ ಶಿಬಿರವನ್ನು ಗಮನಿಸುತ್ತಿರುವ ಕರಡಿಯ ಕಣ್ಣೆದುರಿಗೇ ಹೊರೆ ಹೊತ್ತು ಚದುರಿ ನಡೆಯುವುದು ಒಳ್ಳೆಯದಲ್ಲ. ವಿಮಾನವನ್ನು ಮರಳಿ ಕರೆಸಬಹುದಿತ್ತು; ಅದರ ಅರ್ಥ ದುಬಾರಿ ಖರ್ಚು, ಬಹುಕಾಲದಿಂದ ಕಾದಿದ್ದ ಪ್ರವಾಸದ ಅಂತ್ಯ, ಅದೂ ಯಾವ ಅನಾಹುತವೂ ಆಗಿಲ್ಲದಿರುವಾಗ. ರಸ್ತೆಯಿರುವ ಬೆಟ್ಟದಲ್ಲಿ ಹಿಂದಿರುಗುವುದು ಒಂದು ದಿನದ ನಡಿಗೆ. ಇಲ್ಲಿ ಅದು ಎಲ್ಲರ ಹಣ, ಎಲ್ಲರ ರಜೆಗಳನ್ನು ಕೈಬಿಡುವ ನಿರ್ಧಾರ. ಈ ಭಾರ ನಾಯಕರ ಮೇಲೆ ಎಷ್ಟಿರುತ್ತದೆ ಎಂಬುದನ್ನು ಹೊರಗಿನಿಂದ ತೀರ್ಪು ಕೊಡುವವರು ಮರೆಯಬಾರದು. ಆದರೆ ಮೂರನೆಯ ದಾರಿಯೊಂದಿತ್ತು, ಅದಕ್ಕೆ ಹಣವೂ ಬೇಕಿರಲಿಲ್ಲ, ವಿಮಾನವೂ ಬೇಕಿರಲಿಲ್ಲ. ಏಳು ಮಂದಿಯಲ್ಲಿ ಇಬ್ಬಿಬ್ಬರಂತೆ ಸರದಿ ಇಟ್ಟು, ಫ್ಲೇರ್ ಕೈಯಲ್ಲಿ ಹಿಡಿದು ಎಚ್ಚರವಿರುವುದು. ಜುಲೈ ಕೊನೆಯಲ್ಲಿ ಅಲ್ಲಿನ ಕತ್ತಲೆ ಕೆಲವೇ ಗಂಟೆಗಳದ್ದು. ಅದೇ ಫ್ಲೇರ್ ದಾಳಿಯ ಹೊತ್ತಿನಲ್ಲಿ ಕರಡಿಯನ್ನು ಓಡಿಸಿತು ಎಂಬುದನ್ನು ನೋಡಿದರೆ, ಬೇಲಿಯ ಹತ್ತಿರ ಬರುವಾಗಲೇ ಅದನ್ನು ಸಿಡಿಸಿದ್ದರೂ ಓಡಿಸುತ್ತಿತ್ತು ಎಂದು ನಂಬಲು ಕಾರಣವಿದೆ.

ದಾಳಿಯ ನಂತರ ತಂಡ ನಡೆದುಕೊಂಡ ರೀತಿಯನ್ನು ಮಾತ್ರ ಮನಃಪೂರ್ವಕವಾಗಿ ಮೆಚ್ಚಬೇಕು. ವೈದ್ಯರು ಉಸಿರಾಟವನ್ನೂ ಕುತ್ತಿಗೆಯನ್ನೂ ಕಾಪಾಡಿಕೊಂಡು ಗಾಯಗಳನ್ನು ಕಟ್ಟಿದರು, ಉಳಿದವರು ಬೆಚ್ಚಗಿಡುವ, ಸುತ್ತ ನೋಡುವ ಕೆಲಸಗಳನ್ನು ಹಂಚಿಕೊಂಡರು. ಸ್ಯಾಟಲೈಟ್ ಫೋನಿನ ಕರೆ ತಲುಪಿತು. ಆದರೆ ಲ್ಯಾಬ್ರಡಾರ್ ಕರಾವಳಿಯ ತಣ್ಣನೆಯ ಸಮುದ್ರಪ್ರವಾಹ ಬೇಸಿಗೆಯಲ್ಲಿ ದಟ್ಟ ಮಂಜನ್ನು ಹುಟ್ಟಿಸುತ್ತದೆ, ಆ ಬೆಳಿಗ್ಗೆಯೂ ಮಂಜು ಕವಿದಿತ್ತು. ಹೆಲಿಕಾಪ್ಟರ್ ಬಂದದ್ದು ಸುಮಾರು ಎಂಟು ಗಂಟೆಗಳ ನಂತರ. ಗಾಯಾಳುವನ್ನು ಹಂತಹಂತವಾಗಿ ಮಾಂಟ್ರಿಯಲ್ ಆಸ್ಪತ್ರೆಗೆ ಸಾಗಿಸಲಾಯಿತು. ಪ್ರತಿಯೊಂದು ತಂಡದಲ್ಲಿಯೂ ವೈದ್ಯರಿರುತ್ತಾರೆ ಎಂದು ನಂಬುವಂತಿಲ್ಲ. ಅವರಿಲ್ಲದ ಎಂಟು ಗಂಟೆಗಳನ್ನು ಊಹಿಸಿಕೊಂಡೇ ಮುಂದಿನ ತಂಡಗಳು ತಮ್ಮ ಸಿದ್ಧತೆಯನ್ನು ಅಳೆಯಬೇಕು.

ಟೊರಾಂಟೊ, ಮಾಂಟ್ರಿಯಲ್, ಬಾಸ್ಟನ್‌ಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ಬೆಟ್ಟ ಹತ್ತುವ ಹವ್ಯಾಸವುಳ್ಳವರು ಬಹಳ ಮಂದಿಯಿದ್ದಾರೆ, ಇಂಥ ದೂರದ ಪ್ರವಾಸಗಳ ಕರೆ ಅವರನ್ನೂ ತಲುಪುತ್ತದೆ. ಹಣ ಕಟ್ಟುವ ಮೊದಲು ಏರ್ಪಾಡು ಮಾಡುವವರನ್ನು ನೇರವಾಗಿ ಕೇಳಬೇಕಾದದ್ದು ಇದೆ: ವಿಮಾನ ಇಳಿಯುವ ಜಾಗದಿಂದ ಮೊದಲ ಬಿಡಾರ ಎಷ್ಟು ದೂರ, ಎಷ್ಟು ಎತ್ತರ, ಸ್ಥಳೀಯ ಕಾವಲುಗಾರರ ಆಸನ ಮತ್ತು ಕೂಲಿ ಶುಲ್ಕದಲ್ಲಿಯೇ ಸೇರಿದೆಯೇ, ಅವರು ಇಬ್ಬರಿದ್ದಾರೆಯೇ, ಕರಡಿ ಕಂಡ ದಿನ ರಾತ್ರಿ ಕಾವಲಿನ ಸರದಿ ಕಡ್ಡಾಯವೇ, ಅವಧಿಗೆ ಮುನ್ನ ವಿಮಾನ ಕರೆಸುವ ಖರ್ಚಿಗೆಂದು ಹಣ ಮೊದಲೇ ತೆಗೆದಿಟ್ಟಿದ್ದಾರೆಯೇ. ಕೊನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಸಿಕ್ಕರೆ, ಹಿಂದಿರುಗೋಣ ಎಂದು ಹೇಳಬೇಕಾದ ನಾಯಕನ ನಾಲಿಗೆ ಸ್ವಲ್ಪ ಹಗುರವಾಗುತ್ತದೆ.